ತೆಂಗಿನ ಮರದ ಆಕಾರ ಮತ್ತು ಗಣಕಚಿತ್ರದ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಉಂಡೆ ಕೊಬ್ಬರಿಯ ಬೆಲೆ, ಮಾರುಕಟ್ಟೆ, ಮಳೆ ಮತ್ತು ಬರಗಳ ಕಡೆಗೇ ಗಮನ ಕೊಟ್ಟಿದ್ದಾರೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸದ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಈ ಭಾಗದ ತೆಂಗು ಅಡಿಕೆ ತೋಟಗಳನ್ನು ಬೇಸಾಯ ಮತ್ತು ವ್ಯಾಪಾರದ ದೃಷ್ಟಿಯಿಂದಲೇ ಗಮನಿಸಿದ್ದನು. ತೆಂಗಿನ ಮರದ ಆಕಾರವನ್ನು ಮನುಷ್ಯರು ಅಳೆದು, ನಿಯಮಗಳಾಗಿ ಬರೆದು, ಕೊನೆಗೆ ಕಂಪ್ಯೂಟರಿನ ಪರದೆಯ ಮೇಲೆ ಬೆಳೆಸಿದ ಬಗೆಗೂ ಒಂದು ಚರಿತ್ರೆಯಿದ್ದು, ಅದು ಈ ಸೀಮೆಯ ತೋಟಗಾರಿಕೆಗೆ ನೇರವಾಗಿ ಸಂಬಂಧಿಸಿದ್ದರೂ ಕನ್ನಡದಲ್ಲಿ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ತೆಂಗಿಗೆ ಕೊಂಬೆಗಳಿಲ್ಲ. ನೆತ್ತಿಯಲ್ಲಿರುವ ಒಂದೇ ಸುಳಿಯಿಂದ ಸರಾಸರಿ ತಿಂಗಳಿಗೊಂದರಂತೆ ಗರಿ ಹೊರಡುತ್ತದೆ, ಮಳೆ ತಪ್ಪಿದ ವರ್ಷಗಳಲ್ಲಿ ಈ ಗತಿ ನಿಧಾನವಾಗುತ್ತದೆ, ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ ಮೂಡಿ ಅದೇ ಮುಂದೆ ಗೊನೆಯಾಗುತ್ತದೆ. ಒಂದು ಗರಿಗೂ ಅದರ ನಂತರದ ಗರಿಗೂ ನಡುವೆ ಸುಮಾರು 140 ಡಿಗ್ರಿ ಕೋನವಿರುವುದರಿಂದ, ಐದು ಗರಿಗಳು ಮರವನ್ನು ಹೆಚ್ಚುಕಡಿಮೆ ಎರಡು ಸುತ್ತು ಬಂದ ಮೇಲೆ ಆರನೆಯದು ಮೊದಲನೆಯದರ ನೇರಕ್ಕೆ ತುಸು ಓರೆಯಾಗಿ ನಿಲ್ಲುತ್ತದೆ. ಸಸ್ಯವಿಜ್ಞಾನದಲ್ಲಿ ಪರ್ಣವಿನ್ಯಾಸ ಎನ್ನಿಸಿಕೊಳ್ಳುವ ಈ ಕ್ರಮ ಕೇವಲ ಕುತೂಹಲದ ಸಂಗತಿಯಲ್ಲ. ಮರದ ಪೋಷಕಾಂಶಗಳನ್ನು ಪರೀಕ್ಷಿಸುವವರು ಹದಿನಾಲ್ಕನೆಯ ಗರಿಯ ಮಾದರಿಯನ್ನು ತೆಗೆಯುವಾಗ, ನಾಲ್ಕು, ಒಂಬತ್ತು, ಹದಿನಾಲ್ಕನೆಯ ಗರಿಗಳು ಒಂದೇ ಸಾಲಿನಲ್ಲಿ ಕೆಳಗಿಳಿಯುತ್ತವೆ ಎಂಬ ತಿಳಿವಳಿಕೆಯಿಂದಲೇ ಅದನ್ನು ಗುರುತಿಸುತ್ತಾರೆ.

ಇಂತಹ ಅಳತೆಗಳ ಒಂದು ಮುಖ್ಯ ನೆಲೆ ಕಾಸರಗೋಡು. ಅದು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದಾಗ, 1916ರಲ್ಲಿ, ಮದರಾಸು ಸರ್ಕಾರ ಅಲ್ಲಿ ಸ್ಥಾಪಿಸಿದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಮರದ ಸುರುಳಿಯನ್ನೇ ಅಧ್ಯಯನದ ವಿಷಯವಾಗಿಸಿಕೊಂಡವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಟಿ. ಎ. ಡೇವಿಸ್. ಕೆಲವು ಮರಗಳಲ್ಲಿ ಗರಿಗಳು ಎಡಕ್ಕೂ ಕೆಲವುಗಳಲ್ಲಿ ಬಲಕ್ಕೂ ಸುತ್ತುತ್ತವೆ ಎಂಬುದನ್ನು ಲೆಕ್ಕಹಾಕಿ, ಎಡಸುರುಳಿಯ ಮರಗಳು ಹೆಚ್ಚು ಕಾಯಿ ಕೊಟ್ಟುದನ್ನು ಅವರು 1962ರಲ್ಲಿ ವರದಿ ಮಾಡಿದರು. ಆಕಾರವನ್ನು ಅಂಕಿಗಳಾಗಿ ಮಾಡಿ ಫಸಲಿನ ಜೊತೆಗೆ ಹೋಲಿಸಬಹುದೆಂದು ತೋರಿಸಿಕೊಟ್ಟುದೇ ಆ ಕೆಲಸದ ನಿಜವಾದ ಹಿರಿಮೆ.

ಕಂಪ್ಯೂಟರ್ ಗ್ರಾಫಿಕ್ಸ್ ಕ್ಷೇತ್ರ ಸಸ್ಯಗಳ ಕಡೆಗೆ ತಿರುಗಿದ್ದು ಬೇರೆ ದಾರಿಯಿಂದ. 1968ರಲ್ಲಿ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡನ್‌ಮೇಯರ್ ಒಂದು ಚಿಹ್ನೆಯ ಜಾಗದಲ್ಲಿ ಹಲವು ಚಿಹ್ನೆಗಳನ್ನು ಮತ್ತೆ ಮತ್ತೆ ಬರೆಯುತ್ತ ಹೋಗುವ ನಿಯಮಗಳಿಂದ ಜೀವಕೋಶಗಳ ಬೆಳವಣಿಗೆಯನ್ನು ವಿವರಿಸಿದರು, ಇವೇ ಮುಂದೆ ಎಲ್-ಸಿಸ್ಟಂ ಎಂದು ಹೆಸರಾದವು. 1984ರಲ್ಲಿ ಗ್ರಾಫಿಕ್ಸ್ ತಜ್ಞ ಆಲ್ವಿ ರೇ ಸ್ಮಿತ್ ಈ ಬಗೆಯ ನಿಯಮಗಳನ್ನು ಗಿಡಗಳ ಚಿತ್ರಣಕ್ಕೆ ತಂದರು. ಅದೇ ವರ್ಷ ಲೂಕಾಸ್‌ಫಿಲ್ಮ್‌ನಲ್ಲಿ ತಯಾರಾದ ಕಿರುಚಿತ್ರವೊಂದರ ಕಾಡನ್ನು ವಿಲಿಯಂ ರೀವ್ಸ್ ರೂಪಿಸಿದ ಕಣವ್ಯವಸ್ಥೆಯಿಂದ, ಎಂದರೆ ಅಸಂಖ್ಯ ಸಣ್ಣ ಕಣಗಳನ್ನು ಸಂಭವನೀಯತೆಯ ಲೆಕ್ಕದಲ್ಲಿ ಹರಡುವ ವಿಧಾನದಿಂದ, ಬಿಡಿಸಲಾಯಿತು. ಆದರೆ ಸಿನಿಮಾದ ಮರ ಮರದಂತೆ ಕಂಡರೆ ಸಾಕು, ಅದರ ವಯಸ್ಸು ಎಷ್ಟು, ಯಾವ ಮೊಗ್ಗು ಯಾವಾಗ ಸತ್ತಿತು ಎಂದು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು ಫ್ರೆಂಚ್ ಸಂಶೋಧಕ ಫಿಲಿಪ್ ದ ರೆಫಿ. ಅವರ ಕೆಲಸ ಸ್ಟುಡಿಯೋದಲ್ಲಿ ಹುಟ್ಟದೆ ಆಫ್ರಿಕದ ಐವರಿ ಕೋಸ್ಟ್‌ನ ಕಾಫಿ ತೋಟಗಳಲ್ಲಿ ಹುಟ್ಟಿತು. ಕಾಫಿ ಗಿಡದ ಪ್ರತಿಯೊಂದು ಮೊಗ್ಗು ಒಂದು ಅವಧಿಯಲ್ಲಿ ಬೆಳೆಯಬಹುದು, ಸುಮ್ಮನಿರಬಹುದು ಅಥವಾ ಸಾಯಬಹುದು ಎಂದು ಗ್ರಹಿಸಿ, ಈ ಮೂರರ ಸಂಭವನೀಯತೆಯನ್ನು ನಿಜವಾದ ಗಿಡಗಳ ಎಣಿಕೆಯಿಂದಲೇ ಕಂಡುಹಿಡಿದು, ಅವರು 1979ರಲ್ಲಿ ತಮ್ಮ ಪ್ರಬಂಧವನ್ನು ಸಲ್ಲಿಸಿದರು. ಅದಕ್ಕೆ ತಳಹದಿಯಾಗಿ ಸಸ್ಯವಿಜ್ಞಾನಿಗಳಾದ ಫ್ರಾನ್ಸಿಸ್ ಅಲೆ ಮತ್ತು ರೂಲೋಫ್ ಓಲ್ಡಮನ್ 1970ರಲ್ಲಿ ಪ್ರಕಟಿಸಿದ, ಉಷ್ಣವಲಯದ ಮರಗಳನ್ನು ಬೆಳೆಯುವ ರೀತಿಯ ಮೇಲೆ ವಿಂಗಡಿಸುವ ಕ್ರಮವಿತ್ತು. ಅದರಲ್ಲಿ ತೆಂಗು ಕಾರ್ನರ್ ಮಾದರಿಗೆ, ಎಂದರೆ ಕವಲಿಲ್ಲದ ಒಂದೇ ಕಾಂಡ ಮತ್ತು ಪಕ್ಕದಲ್ಲಿ ಹೂಗೊಂಚಲು ಇರುವ ಗುಂಪಿಗೆ, ಸೇರುತ್ತದೆ. ಮೊಂಪೆಲಿಯೆ ನಗರದಲ್ಲಿ ಬೆಳೆದ ಈ ಸಂಶೋಧನೆಯನ್ನು ದ ರೆಫಿ ಮತ್ತು ನಾಲ್ವರು ಸಹಸಂಶೋಧಕರು 1988ರಲ್ಲಿ ಅಟ್ಲಾಂಟಾದಲ್ಲಿ ನಡೆದ ಕಂಪ್ಯೂಟರ್ ಗ್ರಾಫಿಕ್ಸ್ ಕ್ಷೇತ್ರದ ಸಿಗ್‌ಗ್ರಾಫ್ ಸಮ್ಮೇಳನದ ಮುಂದಿಟ್ಟಾಗ, ಅನಿಮೇಷನ್ ಮಾಡುವವರಿಗೆ ದಿನದಿನಕ್ಕೆ ಬೆಳೆಯುವ ಗಿಡ ಸಿಕ್ಕಿತು, ಕೃಷಿವಿಜ್ಞಾನಿಗಳಿಗೆ ಕಡಿಯದೆ ಪರೀಕ್ಷಿಸಬಹುದಾದ ಗಿಡ ಸಿಕ್ಕಿತು. ತೆಂಗಿನ ವಿಷಯದಲ್ಲಿ ಕವಲಿನ ತೊಡಕಿಲ್ಲದಿದ್ದರೂ, ಗರಿ ಹಳೆಯದಾದಂತೆ ಬಾಗುವ ಕೋನ, ದಿಂಡಿನ ತಿರುಚು, ಎಲೆಗಳ ಜೋಲು ಇವೆಲ್ಲವನ್ನೂ ಮರದ ಮೇಲೆಯೇ ಅಳೆಯಬೇಕಾಗುತ್ತದೆ.

ಈ ಶ್ರಮದ ಫಲ ತೋಟದ ನೆರಳಿನ ಲೆಕ್ಕದಲ್ಲಿ ಕಾಣುತ್ತದೆ. 1974ರಲ್ಲಿ ಕಾಸರಗೋಡಿನ ನೆಲ್ಲಿಯಾಟ್, ಬಾವಪ್ಪ ಮತ್ತು ನಾಯರ್ ಎಂಬ ವಿಜ್ಞಾನಿಗಳು ತೆಂಗಿನ ಕೆಳಗೆ ಮೆಣಸು, ಕೋಕೋ, ಅನಾನಸ್ಸುಗಳನ್ನು ಅಂತಸ್ತುಗಳಾಗಿ ಬೆಳೆಯುವ ಪದ್ಧತಿಯನ್ನು ವಿವರಿಸುತ್ತ, ಮರಕ್ಕೆ ಸುಮಾರು ಎಂಟು ವರ್ಷವಾಗುವವರೆಗೆ ಬೆಳಕು ಧಾರಾಳವಾಗಿರುತ್ತದೆ, ಅಲ್ಲಿಂದ ಇಪ್ಪತ್ತೈದರವರೆಗೆ ನೆರಳು ದಟ್ಟವಾಗುತ್ತದೆ, ಆಮೇಲೆ ಮತ್ತೆ ಬೆಳಕು ನೆಲಕ್ಕಿಳಿಯುತ್ತದೆ ಎಂದು ತೋರಿಸಿದ್ದರು. ಇದೇ ಪ್ರಶ್ನೆಯನ್ನು ಎರಡು ದಶಕಗಳ ಮೇಲೆ ಫ್ರೆಂಚ್ ಸಂಶೋಧಕ ಝಾಂ ದೋಜಾ ಫಿಲಿಪ್ಪೀನ್ಸಿನ ಎರಾಯ್ ಅವರೊಂದಿಗೆ ಗಣಕದೊಳಗೆ ಬೆಳೆಸಿದ ತೆಂಗಿನ ತೋಪಿನಲ್ಲಿ ಪರಿಶೀಲಿಸಿ, ಅಂತರ ಬೆಳೆಗೆ ಸಿಗುವ ಬೆಳಕನ್ನೂ ಅದರ ಇಳುವರಿಯನ್ನೂ ಅಂದಾಜು ಮಾಡುವ ಲೇಖನವನ್ನು 1997ರಲ್ಲಿ ಪ್ರಕಟಿಸಿದರು. ಸೂರ್ಯನಿರುವ ಜಾಗದಿಂದ ತೋಪಿನ ಚಿತ್ರವನ್ನು ಬಿಡಿಸಿದರೆ ಅದರಲ್ಲಿ ಕಾಣುವ ಎಲೆಗೆ ಬಿಸಿಲಿದೆ, ಮರೆಯಾದುದಕ್ಕೆ ಇಲ್ಲ. ಗಣಕಚಿತ್ರಕ್ಕೆಂದು ರೂಪುಗೊಂಡ ಈ ಸರಳ ತತ್ತ್ವ ಬೇಸಾಯದ ಅಳತೆಗೋಲಾಗಿ ಬದಲಾಗುತ್ತದೆ.

ಕಲ್ಪತರು ನಾಡೆನಿಸಿದ ತಿಪಟೂರು ಸೀಮೆಯಲ್ಲಿ ಮೂವತ್ತು ಅಡಿ ಅಂತರದ ಸಾಲುಗಳ ನಡುವೆ ರಾಗಿ, ಹುರುಳಿ, ಅಲಸಂದೆಗಳನ್ನೂ ನೀರಿದ್ದ ಕಡೆ ಬಾಳೆ ಅಡಿಕೆಗಳನ್ನೂ ಬೆಳೆಯುವ ರೈತರಿಗೆ ಯಾವ ಸಾಲಿನ ಕೆಳಗೆ ಪೈರು ಸೊರಗುತ್ತದೆ ಎಂಬುದು ಅನುಭವದಿಂದ ಗೊತ್ತು. ಆದರೆ ಕರಾವಳಿಯ ಅಥವಾ ದ್ವೀಪಗಳ ಮರದ ಅಳತೆಯಿಂದ ಕಟ್ಟಿದ ಮಾದರಿ, ಕಡಿಮೆ ಮಳೆಯಲ್ಲಿ ಬೆಳೆಯುವ ತಿಪಟೂರು ಎತ್ತರದ ತಳಿಗೆ ಹಾಗೆಯೇ ಒಪ್ಪುತ್ತದೆಂದು ನಂಬುವುದು ಸರಿಯಲ್ಲ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರವೂ ಹತ್ತಿರದಲ್ಲೇ ಇರುವಾಗ, ತುಮಕೂರು ಬೆಂಗಳೂರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗ್ರಾಫಿಕ್ಸ್ ಕಲಿಯುವಾಗ ಈ ಮರಗಳ ಗರಿಯ ಉದ್ದ, ಕೋನ, ಬಾಗುಗಳನ್ನು ರೈತರ ಜೊತೆ ನಿಂತು ಅಳೆದು ದಾಖಲಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.