ಮನ್ಯಾಗ ಬಿಚ್ಚಿದ ಸ್ಟೇರಿಂಗ್, ಅದರ ಹಿಂದಿನ ಕತಿ

ಕಾರಿನ ಎಂಜಿನ್ ಎಣ್ಣಿ ಮನ್ಯಾಗ ಬದಲಿ ಮಾಡಿದ್ರ ಯಾರೂ ಏನೂ ಅನ್ನೂದಿಲ್ಲ. ಸ್ಟೇರಿಂಗ್ ಸಾಮಾನು ಬಿಚ್ಚೀವಿ ಅಂದ್ರ ಮಾತ್ರ ಓಣ್ಯಾಗಿನ ಅಕ್ಕಾರು ಎದಿ ಮ್ಯಾಲ ಕೈ ಇಟ್ಕೋತಾರ. ಅವರ ಅಂಜಿಕಿ ಸುಳ್ಳಲ್ಲ ಬಿಡ್ರಿ. ಎಂಜಿನ್ ಕೆಟ್ರ ಗಾಡಿ ನಿಲ್ಲತೈತಿ. ಸ್ಟೇರಿಂಗ್ ಕೆಟ್ರ ಗಾಡಿ ನಿಲ್ಲೂದಿಲ್ಲ, ತನಗ ತಿಳಿದ ಕಡೆ ಹೋಗತೈತಿ. ನಮ್ಮ 1998ರ ಮಾರುತಿ 800ರ ಎರಡೂ ಟೈರಾಡ್ ಎಂಡ್ ಈ ಸಲ ಮನಿ ಮುಂದನ ಬದಲಿ ಮಾಡಿದಿವಿ. ಮಗಳು ಅದರಾಗ ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕ ಕೆಲಸಕ್ಕ ಹೋಗಾಕಿ, ಹೋಗಾಕ 20 ಕಿಲೋಮೀಟರ್, ಬರಾಕ 20. ಹಿಂಗಾಗಿ ಈ ಸಾಮಾನು ಅಂದ್ರೇನು, ಎಲ್ಲಿಂದ ಬಂತು, ನಮ್ಮಂಥವರ ಮನ್ಯಾಗ ಇದನ್ನ ಬಿಚ್ಚೂ ರೂಢಿ ಯಾಕ ಬಿತ್ತು ಅನ್ನೂದನ್ನ ಬರೀತೀನಿ.

ಮದಲ ತೇರು ನೆನಸ್ಕೋರಿ. ಶಿವರಾತ್ರಿ ಮರುದಿನ ಸಿದ್ಧಾರೂಢ ಮಠದ ತೇರು ಎಳೀತಾರಲ್ಲ, ಅದಕ್ಕ ಸ್ಟೇರಿಂಗ್ ಎಲ್ಲೈತಿ? ಗಾಲಿ ಕೆಳಗ ಕಟಗಿ ಒಡ್ಡಿ ಒಡ್ಡಿ ದಾರಿಗೆ ತರತಾರ. ಚಕ್ಕಡಿಗೂ ಇಲ್ಲ. ಅದಕ್ಕಿರೂವು ಎರಡ ಗಾಲಿ, ಎತ್ತು ಹೊಳ್ಳಿದ್ರ ಗಾಡಿ ಹೊಳ್ಳಿತು. ತ್ರಾಸು ಸುರು ಆಗೂದು ನಾಕು ಗಾಲಿ ಬಂದ ಮ್ಯಾಲ. ಯುರೋಪಿನ ಕುದರಿ ಗಾಡ್ಯಾಗ ಮುಂದಿನ ಅಚ್ಚು ಪೂರ್ತಿ ನಡುವಿನ ಒಂದ ಗೂಟದ ಮ್ಯಾಲ ತಿರಗತಿತ್ತು. ಬಿರುಸಿನಾಗ ಹೊಳ್ಳಿಸಿದ್ರ ಗಾಡಿ ಪಲ್ಟಿ ಹೊಡೀತಿತ್ತು.

ಇಬ್ಬರು ಹೆಣ್ಮಕ್ಕಳು ಕೈ ಹಿಡಕೊಂಡು ಹಂದರದ ಕಂಬ ಸುತ್ತತಾರ ಅನ್ಕೋರಿ. ಒಳಗಿನಾಕಿಗೆ ಸಣ್ಣ ಸುತ್ತು, ಹೊರಗಿನಾಕಿಗೆ ದೊಡ್ಡ ಸುತ್ತು. ಗಾಡಿ ಹೊಳ್ಳುವಾಗ ಮುಂದಿನ ಎರಡು ಗಾಲಿಗೂ ಹಂಗ. ಒಳಗಿನ ಗಾಲಿ ಹೆಚ್ಚು ಹೊಳ್ಳಬೇಕು, ಹೊರಗಿನದು ಒಂಚೂರು ಕಡಿಮಿ. ಇದನ್ನ ಮದಲ ಲೆಕ್ಕ ಹಾಕಿದಾವ ಇಂಗ್ಲೆಂಡಿನ ಡಾಕ್ಟರ್ ಎರಾಸ್ಮಸ್ ಡಾರ್ವಿನ್, ಮಂಗ್ಯಾನಿಂದ ಮನಷ್ಯಾ ಅಂದ ಡಾರ್ವಿನ್ನನ ಅಜ್ಜ. ಊರೂರು ತಿರಗಿ ರೋಗಿಗಳನ್ನ ನೋಡಾಂವ, ಗಾಡ್ಯಾಗ ಕುಂತು ಕುಂತು ಅವನ ತಲಿಗೆ ಹೊಳೀತು. ಆಮ್ಯಾಲೆ 1817ರ ಸುಮಾರಿಗೆ ಜರ್ಮನಿಯ ಮ್ಯೂನಿಕ್ ಊರಿನ ಗಾಡಿ ಮಾಡಾಂವ ಲ್ಯಾಂಕೆನ್‌ಸ್ಪರ್ಗರ್ ಅದನ್ನ ಮಾಡಿ ತೋರಿಸಿದ. ಲಂಡನ್ನಿನಾಗ ಅವನ ಪರವಾಗಿ 1818ರಾಗ ಪೇಟೆಂಟ್ ತಗೊಂಡಾಂವ ಅಕರ್ಮನ್ ಅಂತ ಒಬ್ಬ ಚಿತ್ರ ಛಾಪಿಸಿ ಮಾರಾಂವ. ಇವತ್ತಿಗೂ ಎಂಜಿನಿಯರಿಂಗ್ ಪುಸ್ತಕದಾಗ ಅದಕ್ಕ ಅಕರ್ಮನ್ ಸ್ಟೇರಿಂಗ್ ಅಂತಾರ. ಅಡಗಿ ಮಾಡಿದಾಕಿ ಒಬ್ಬಾಕಿ, ಹೆಸರು ಬಡಿಸಿದಾಕಿದು. ನಮಗೇನು ಹೊಸಾದಲ್ಲ ಇದು.

ಇಷ್ಟಾದರೂ 1886ರಾಗ ಕಾರ್ಲ್ ಬೆಂಜ್ ಮೋಟಾರು ಗಾಡಿಗೆ ಪೇಟೆಂಟ್ ತಗೊಂಡಾಗ ಅದಕ್ಕ ಮೂರ ಗಾಲಿ. ಯಾಕಂದ್ರ ಮುಂದಿನ ಎರಡು ಗಾಲಿ ಹೊಳ್ಳಿಸೂ ಲೆಕ್ಕ ಅವಗ ಬಗಿಹರಿದಿರಲಿಲ್ಲ. ಅವನ ಹೆಂಡತಿ ಬೆರ್ಥಾ 1888ರ ಆಗಸ್ಟಿನಾಗ ಗಂಡಗ ಹೇಳದ ಇಬ್ಬರು ಗಂಡಮಕ್ಕಳನ್ನ ಕೂಡಿಸ್ಕೊಂಡು ಅದ ಮೂರು ಗಾಲಿ ಗಾಡಿ ಮ್ಯಾಲ ನೂರು ಕಿಲೋಮೀಟರ್ ದೂರದ ತೌರಮನಿಗೆ ಹೋದಳು. ದಾರ್ಯಾಗ ಪೆಟ್ರೋಲ್ ನಳಿಗಿ ಕಟ್ಟಿದ್ದಕ್ಕ ಟೊಪ್ಪಿಗಿ ಪಿನ್ ಹಾಕಿ ಬಿಡಿಸಿದಳು. ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವರ ಕಡಿಂದ ಚರ್ಮ ಬಡಿಸಿದಳು. ಆ ಕಂಪನಿಗೆ ರೊಕ್ಕ ಹಾಕಿದ್ದೂ ಆಕಿ ವರದಕ್ಷಿಣಿದು. ಕಾರಿನ ರಿಪೇರಿ ಗಂಡಸರ ಕೆಲಸ ಅನ್ನಾವರಿಗೆ ನಾ ಈ ಬೆರ್ಥಾಬಾಯಿ ಹೆಸರು ಹೇಳತೀನಿ. ಬೆಂಜ್ ನಾಕು ಗಾಲಿಗೆ ಸ್ಟೇರಿಂಗ್ ಕೂಡಿಸಿದ್ದು 1893ರಾಗ.

ಇನ್ನ ನಮ್ಮ ಕಡೆ ಬರೂಣು. ಸ್ವಾತಂತ್ರ್ಯ ಬಂದ ಮ್ಯಾಲ ನಮ್ಮ ಮಂದಿ ಕಂಡ ಕಾರು ಹೆಚ್ಚಾಗಿ ಎರಡ. ಬಂಗಾಲದ ಉತ್ತರಪಾರಾದ್ದು ಅಂಬ್ಯಾಸಿಡರ್, ಮುಂಬೈ ಕುರ್ಲಾದ್ದು ಫಿಯಾಟ್. ಫಿಯಾಟಿಗೆ 1970ರ ದಶಕದಾಗ ಪ್ರೀಮಿಯರ್ ಪದ್ಮಿನಿ ಅಂತ ನಾಮಕರಣ ಆತು. ಎಷ್ಟು ಕಾರು ಮಾಡಬೇಕು ಅನ್ನೂದಕ್ಕೂ ಸರಕಾರದ ಲೈಸೆನ್ಸ್ ಬೇಕಾಗಿದ್ದ ಕಾಲ ಅದು. ಹೆಸರು ಹಚ್ಚಿದ್ರ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾಯ್ದು ಬಂದ ಗಾಡಿನ ಯಾರು ಒಗಿತಾರ? ಸವೆದದ್ದನ್ನ ಬಿಚ್ಚು, ತೊಳಿ, ಗ್ರೀಸ್ ಹಚ್ಚು, ಲೇತ್ ಮ್ಯಾಲ ಹೊಸ ಬುಶ್ ಕಡಸು, ಮತ್ತ ಕೂಡಿಸು. ಹುಬ್ಬಳ್ಳಿಗೆ 1880ರ ದಶಕದಾಗನ ರೈಲ್ವೆ ವರ್ಕ್‌ಶಾಪ್ ಬಂದಿತ್ತು, ಲೇತ್ ಹಿಡಿಯೂ ಕೈಗೆ ಇಲ್ಲಿ ಎಂದೂ ಬರ ಬಿದ್ದಿಲ್ಲ.

ನಾ ಮದವಿ ಆಗಿ ಬಂದಾಗ ಮನ್ಯಾಗ ಇದ್ದದ್ದು ಸೆಕೆಂಡ್ ಹ್ಯಾಂಡ್ ಪದ್ಮಿನಿ. ನಮ್ಮ ಮಾವನವರು ರವಿವಾರ ಗ್ರೀಸ್ ಗನ್ ತಗೊಂಡು ಕೆಳಗ ಹೊಕ್ಕರಂದ್ರ ಅಂಬಲಿ ಆರಿದ್ರೂ ಹೊರಗ ಬರತಿರಲಿಲ್ಲ. ಆ ಗಾಡಿ ಸ್ಟೇರಿಂಗಿಗೆ ಸುರುಳಿ ಹಲ್ಲಿನ ಗೇರ್ ಬಾಕ್ಸು, ಅದರಿಂದ ರಾಡು, ರಾಡಿಗೊಂದು ಗಂಟು, ಗಂಟಿಗೊಂದು ಗ್ರೀಸಿನ ಮೊಲಿ. ಒಂದೊಂದು ಗಂಟಿನಾಗ ಕೂದಲೆಳಿಯಷ್ಟು ಸವೆದ್ರೂ ಎಲ್ಲಾ ಕೂಡಿ ಕೈಯಾಗ ನಾಕು ಬೆಟ್ಟು ಸಡಿಲ. ನಮ್ಮ ಅತ್ತಿಯವರು ಬೀಸೂಕಲ್ಲಿನ ಮಾತು ಹೇಳತಿದ್ರು: “ಗೂಟ ಸವೆದ ಮ್ಯಾಲ ಮ್ಯಾಲಿನ ಕಲ್ಲು ತೊಳ್ಳಾಡತೈತಿ, ಹಿಟ್ಟು ತರಿ ಬರತೈತಿ. ಕಲ್ಲು ಚಲೋ ಐತಿ ಅಂತ ಗೂಟ ಹಂಗ ಬಿಡತೀರೇನು?” ಸ್ಟೇರಿಂಗ್ ಸರಿ ಆಗೂತನಕ ಆ ಗಾಡ್ಯಾಗ ಉಳವಿ ಜಾತ್ರಿಗೆ ಬರೂದಿಲ್ಲ ಅಂತ ಹಟ ಹಿಡಿದ್ರು. ಮಾವನವರು ತುಟಿ ಪಿಟ್ಟ ಅನ್ನದ ಕಿಂಗ್‌ಪಿನ್, ಬುಶ್ ಎಲ್ಲಾ ಹೊಸಾವು ತಂದ್ರು. ಕಾರಿನ ಬಗ್ಗೆ ನಾ ಕೇಳಿದ ಎಲ್ಲಾ ಮಾತಿನಾಗ ಅತ್ತಿಯವರದ್ದ ಖರೆ ಅನ್ನಸತೈತಿ.

1983ರ ಡಿಸೆಂಬರಿನಾಗ ಮಾರುತಿ 800 ಬಂತು, ಆಟ ಬದಲಾತು. ಅದರದು ರ‍್ಯಾಕ್ ಸ್ಟೇರಿಂಗ್. ಹಲ್ಲಿನ ಒಂದು ಪಟ್ಟಿ ಎಡಕ್ಕ ಬಲಕ್ಕ ಸರೀತೈತಿ, ಅಷ್ಟ. (ಅಂಬ್ಯಾಸಿಡರಿಗೂ ರ‍್ಯಾಕ್ ಇತ್ತು, ಆದ್ರ ಭಾರ ಕೇಳಬ್ಯಾಡ್ರಿ.) ಗಂಟು ಕಡಿಮಿ ಆದ್ವು. ಇದ್ದ ಗಂಟಿಗೆ ಗ್ರೀಸಿನ ಮೊಲಿ ಇಲ್ಲ, ಒಳಗ ಗ್ರೀಸ್ ತುಂಬಿ ರಬ್ಬರ್ ಟೊಪ್ಪಿಗಿ ಹಾಕಿ ಬಂದ್ ಮಾಡಿರತಾರ. ಟೈರಾಡ್ ಎಂಡ್ ಅಂದ್ರ ಇದ, ವಾಟಿಯೊಳಗ ಒಂದು ಉಕ್ಕಿನ ಗುಂಡು, ನಮ್ಮ ತೊಡಿ ಎಲವು ಸೊಂಟದಾಗ ಕುಂತಂಗ. ರಬ್ಬರ್ ಹರೀತಂದ್ರ ನಮ್ಮ ಎರಿ ಮಣ್ಣಿನ ಧೂಳು ಒಳಗ ಹೋಗಿ ಗುಂಡನ್ನ ತಿನ್ನತೈತಿ. ರಿಪೇರಿ ಮಾಡಾಕ ಬರೂದಿಲ್ಲ, ತಗದು ಹೊಸಾದು ಹಾಕೂದ. ಮಾವನವರ ಕಾಲದ ಕೈಚಳಕ ಇದಕ್ಕ ಬೇಕಾಗೂದಿಲ್ಲ, ಹಂಗಾಗೇ ನಮ್ಮಂಥವರಿಗೂ ಮನ್ಯಾಗ ಸಾಧ್ಯ ಆತು.

ಕೆಲಸದಾಗ ನಂದೇನು ಅಂದ್ರ ಒಳಗ ಕುಂತು ಸ್ಟೇರಿಂಗ್ ಒಂಚೂರು ಎಡಕ್ಕ, ಒಂಚೂರು ಬಲಕ್ಕ ಆಡಸೂದು. ಮಗಳು ಬಗ್ಗಿ ನೋಡಿದಳು. ರಾಡು ಸರಿದ್ರೂ ಗಾಲಿ ಒಂದು ಕ್ಷಣ ತಡದು ಸರೀತಿತ್ತು, ಟಕ್ ಅಂತ ಸಪ್ಪಳ. ಆಮ್ಯಾಲೆ ಹಿಂದಿನ ಗಾಲಿಗೆ ಕಲ್ಲು ಒಡ್ಡಿ, ಜ್ಯಾಕ್ ಏರಿಸಿ, ಕಬ್ಬಿಣದ ಸ್ಟ್ಯಾಂಡ್ ಕೊಟ್ಟಿವಿ. ಜ್ಯಾಕ್ ಒಂದನ್ನ ನಂಬಿ ಯಾರೂ ಕೆಳಗ ಹೋಗಬ್ಯಾಡ್ರಿ, ಮನಿಯವರು ಎಷ್ಟ ಅವಸರ ಮಾಡಿದ್ರೂ. ಸ್ಪ್ಲಿಟ್ ಪಿನ್ ತಗದು ನಟ್ ಬಿಚ್ಚಿದ ಮ್ಯಾಲೂ ಆ ಗುಂಡು ಸುಮ್ಮನ ಬರೂದಿಲ್ಲ, ಬೆಣಿಯಂಗ ಬಿಗದಿರತೈತಿ. ಪುಲ್ಲರ್ ಹಾಕಿ ಬಿಡಿಸಿದಿವಿ. ಹಳೇದನ್ನ ರಾಡಿನಿಂದ ಬಿಚ್ಚುವಾಗ ಎಷ್ಟು ಸುತ್ತು ಅನ್ನೂದು ನಾ ಎಣಿಸಿದೆ, ಸ್ವೆಟರ್ ಹೆಣಿಕಿ ಎಣಿಸಿದಂಗ. ಹೊಸಾದನ್ನ ಅಷ್ಟ ಸುತ್ತು ಕೂಡಿಸಬೇಕು, ಇಲ್ಲಂದ್ರ ಗಾಲಿ ಸೊಟ್ಟ ನಿಲ್ಲತೈತಿ. ಲಾಕ್ ನಟ್ ಬಿಗದು, ಹೊಸ ಸ್ಪ್ಲಿಟ್ ಪಿನ್ ಹಾಕಿ ತುದಿ ಮಡಚಿದಿವಿ. ಹಳೆ ಪಿನ್ ಮತ್ತ ಹಾಕಬಾರದು. ನಟ್ ಸಡಿಲ ಆದ್ರ ಗಾಲಿ ಹಿಡದು ನಿಲ್ಲಸೂದು ಆ ತಂತಿ ತುಂಡ.

ಎಣಿಸಿ ಹಾಕಿದ್ರೂ ಅಲೈನ್‌ಮೆಂಟ್ ಮಾಡಸಾಕ ಅಂಗಡಿಗೆ ಒಯ್ಯಲೇಬೇಕು, ಮರುದಿನ ಒಯ್ದಿವಿ. ಒಳಗಿನ ರ‍್ಯಾಕ್ ಕೆಟ್ಟಿದ್ರ ನಾ ಮನ್ಯಾಗ ಮುಟ್ಟಾಕ ಬಿಡತಿರಲಿಲ್ಲ. ಈಗಿನ ಹೊಸ ಕಾರಿನ ಸ್ಟೇರಿಂಗಿನಾಗ ಗಾಳಿ ಚೀಲ ಇರತೈತಿ, ಕರೆಂಟಿನ ಮೋಟಾರ್ ಇರತೈತಿ. ಅದರ ಗೊಡವಿ ಮನ್ಯಾಗ ಬ್ಯಾಡ.

ವೈನಿ ಕೇಳತಾರ, ಇಷ್ಟೆಲ್ಲಾ ಮಾಡೂದಕ್ಕಿಂತ ಗಾಡಿ ಕೊಟ್ಟ ಬಿಡಬಾರದೇನು ಅಂತ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕ ತಪಾಸಣಿ ಮಾಡಿಸಿ ಆರ್.ಸಿ. ಹೊಸಾದು ಮಾಡಸಬೇಕು. ನಮ್ಮದು ಇನ್ನ ಬರೂದು 2028ಕ್ಕ. ಮನಿಯವರು ಅಲ್ಲೀತನಕ ಇರಲಿ ಅಂತಾರ, ಮಗಳು ಆಮ್ಯಾಲೂ ಇರಲಿ ಅಂತಾಳ. ನಾ ಮಾತ್ರ ತಿಂಗಳಿಗೊಮ್ಮೆ ಬಗ್ಗಿ ಆ ರಬ್ಬರ್ ಟೊಪ್ಪಿಗಿ ಹರದೈತೇನು ನೋಡತೀನಿ.