ಗಣಿ ಕಾರ್ಮಿಕರ ಎದೆಚಿತ್ರ: ಗಡಿ ಬಿಡಿಸಿದ್ದಾಯಿತು, ಹೊಂದಿಸುವುದು ಬಾಕಿ

ಸಂಡೂರಿನ ದೋಣಿಮಲೈಯಲ್ಲಿ ಸರ್ಕಾರಿ ಸಂಸ್ಥೆ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಶುರುವಾದದ್ದು 1977ರಲ್ಲಿ. ಅಲ್ಲಿನ ಗುಡ್ಡಗಳಲ್ಲಿ ಹೆಮಟೈಟ್ ಅದಿರಿನ ಜೊತೆ ಸಿಲಿಕಾ ತುಂಬಿದ ಪಟ್ಟೆಕಲ್ಲೂ ಇದೆ. 1955ರ ಗಣಿ ನಿಯಮಗಳ ಪ್ರಕಾರ ಕಾರ್ಮಿಕರಿಗೆ ಕೆಲಸಕ್ಕೆ ಸೇರುವಾಗ, ಆಮೇಲೆ ಕನಿಷ್ಠ ಐದು ವರ್ಷಕ್ಕೊಮ್ಮೆಯಾದರೂ ತಪಾಸಣೆಯಾಗಬೇಕು; ಎದೆಯ ಎಕ್ಸ್‌ರೇ ಅದರ ಭಾಗ. ಇಂಥ ಚಿತ್ರಗಳನ್ನು ಕಂಪ್ಯೂಟರಿನಿಂದ ಓದಿಸುವ ಪ್ರಯತ್ನಕ್ಕೆ ಈಗ ಐವತ್ತು ವರ್ಷ ದಾಟಿದೆ.

ಓದುವುದು ಸುಲಭದ ಮಾತಲ್ಲ. ಕಬ್ಬಿಣದ ದೂಳು ಎಕ್ಸ್‌ರೇಯನ್ನು ಬಲವಾಗಿ ತಡೆಯುವುದರಿಂದ ಚುಕ್ಕೆಗಳು ಎದ್ದು ಕಾಣುತ್ತವೆ. ಆದರೆ ಶ್ವಾಸಕೋಶಕ್ಕಾದ ಹಾನಿ ಅಷ್ಟಿರುವುದಿಲ್ಲ. ಸಿಲಿಕಾ ಹಾಗಲ್ಲ. ಅದು ಕಟ್ಟುವ ಗಂಟುಗಳು ಕೆಲಸ ಬಿಟ್ಟ ಮೇಲೂ ಬೆಳೆಯಬಲ್ಲವು, ಕ್ಷಯಕ್ಕೂ ದಾರಿ ಮಾಡಿಕೊಡುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಚಿತ್ರಗಳ ಪಕ್ಕದಲ್ಲಿಟ್ಟು 12 ಮೆಟ್ಟಿಲಿನ ದರ್ಜೆ ಕೊಡುವ ಪದ್ಧತಿಯಿದ್ದರೂ ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಬೇರೆ ಬೇರೆ ದರ್ಜೆ ಕೊಡುವುದುಂಟು. ಈ ಭಿನ್ನಾಭಿಪ್ರಾಯ ತೀರಿಸಲೆಂದೇ 1974ರಲ್ಲಿ ಅಮೆರಿಕದ ಕ್ರೂಗರ್ ಮತ್ತು ಸಂಗಡಿಗರು ಗಣಿ ಕಾರ್ಮಿಕರ ಎದೆಚಿತ್ರಗಳನ್ನು ಯಂತ್ರಕ್ಕೆ ಒಪ್ಪಿಸಿದರು.

ಚುಕ್ಕೆ ಎಣಿಸುವ ಮೊದಲು ಶ್ವಾಸಕೋಶ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಯಂತ್ರಕ್ಕೆ ಗೊತ್ತಿರಬೇಕಲ್ಲ? 1988ರ 'ಸ್ನೇಕ್ಸ್' ವಿಧಾನದಲ್ಲಿ ಒಂದು ಗೆರೆ ತಾನೇ ಸರಿದು ಅಂಗದ ಅಂಚಿಗೆ ಅಂಟಿಕೊಳ್ಳುತ್ತಿತ್ತು. 1995ರಲ್ಲಿ ಕೂಟ್ಸ್ ತಂಡ ಆ ಗೆರೆಗೆ ಅಂಗದ ಸಹಜ ಆಕಾರವನ್ನೂ ಕಲಿಸಿತು. 2006ರಲ್ಲಿ ವಾನ್ ಗಿನೆಕೆನ್ ತಂಡ ಜಪಾನಿನ 247 ಎದೆಚಿತ್ರಗಳ ಮೇಲೆ ಪರೀಕ್ಷಿಸಿದಾಗ, ಶ್ವಾಸಕೋಶದ ಗಡಿ ಬಿಡಿಸುವುದರಲ್ಲಿ ಯಂತ್ರ ಮನುಷ್ಯನ ಹತ್ತಿರಕ್ಕೆ ಬಂದಿತ್ತು. 2015ರಲ್ಲಿ ಯು-ನೆಟ್ ಎಂಬ ನರಜಾಲ ಬಂದ ಮೇಲೆ ಹಳೆಯ ವಿಧಾನಗಳೆಲ್ಲ ಹಿಂದೆ ಸರಿದವು. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಫಣೀಂದ್ರ ಯಲವರ್ತಿ ಅವರ ತಂಡ ನಾರ್ವೆಯವರ ಜೊತೆಗೂಡಿ ರೂಪಿಸಿದ ಅನಾಮ್‌ನೆಟ್, ಸಿಟಿ ಚಿತ್ರದಲ್ಲಿ ಸೋಂಕಿನ ಭಾಗವನ್ನು ಗುರುತಿಸುತ್ತದೆ. ಮೊಬೈಲಿನಲ್ಲೂ ಓಡುವಷ್ಟು ಹಗುರ ಅದು. ದೊಡ್ಡ ಕಂಪ್ಯೂಟರುಗಳಿಲ್ಲದ ತಾಲ್ಲೂಕು ಆಸ್ಪತ್ರೆಗೆ ಬೇಕಾದ ಗುಣ ಅದೇ.

ಆದರೆ ಗಣಿ ಕಾರ್ಮಿಕನ ಮುಖ್ಯ ಪ್ರಶ್ನೆ ಬೇರೆ: ಐದು ವರ್ಷದಲ್ಲಿ ಏನು ಬದಲಾಯಿತು? ಅದಕ್ಕೆ ಹಳೆಯ ಚಿತ್ರದ ಮೇಲೆ ಹೊಸದನ್ನು ಕೂರಿಸಬೇಕು. 1994ರಲ್ಲೇ ಷಿಕಾಗೋ ವಿಶ್ವವಿದ್ಯಾಲಯದವರು ಎರಡು ಎದೆಚಿತ್ರಗಳನ್ನು ಹೊಂದಿಸಿ, ಒಂದರಿಂದ ಇನ್ನೊಂದನ್ನು ಕಳೆದು ವ್ಯತ್ಯಾಸವನ್ನಷ್ಟೇ ಉಳಿಸುವ ವಿಧಾನ ತೋರಿಸಿದ್ದರು. ಆದರೆ ಉಸಿರು ಸ್ವಲ್ಪ ಕಡಿಮೆ ಎಳೆದರೂ, ಭುಜ ಸ್ವಲ್ಪ ತಿರುಗಿದರೂ ಪಕ್ಕೆಲುಬಿನ ನೆರಳು ಒಂದು ಕಡೆ, ಶ್ವಾಸಕೋಶದ ನೆರಳು ಇನ್ನೊಂದು ಕಡೆ ಜರುಗುತ್ತದೆ. ಮೂರು ಆಯಾಮದ ಎದೆಯನ್ನು ಒಂದು ಹಾಳೆಗೆ ಇಳಿಸಿದ ಮೇಲೆ ಈ ನೆರಳುಗಳನ್ನು ಪೂರ್ತಿ ಬಿಡಿಸಿ ಕೂರಿಸಲಾಗದು. 2019ರ ವಾಕ್ಸೆಲ್‌ಮಾರ್ಫ್ ಎಂಬ ನರಜಾಲ ವಿಧಾನ ಮೆದುಳಿನ ಎಂಆರ್‌ಐಗಳನ್ನು ಕ್ಷಣಮಾತ್ರದಲ್ಲಿ ಹೊಂದಿಸುತ್ತದೆ, ನಿಜ. ಅಲ್ಲಿ ಮೂರೂ ಆಯಾಮಗಳು ಕೈಯಲ್ಲಿರುತ್ತವೆ.

ನನ್ನ ಅನಿಸಿಕೆಯಲ್ಲಿ ಈ ಕ್ಷೇತ್ರ ಗಡಿ ಬಿಡಿಸುವ ಕೆಲಸಕ್ಕೇ ಹೆಚ್ಚು ವಾಲಿತು. ಅಲ್ಲಿ ಅಂಕ ಹಾಕುವುದು ಸುಲಭ, ಸ್ಪರ್ಧೆ ನಡೆಸುವುದೂ ಸುಲಭ. ಹೊಂದಿಸುವುದರಲ್ಲಿ ಸರಿಯುತ್ತರವನ್ನು ಬರೆದಿಡುವವರೇ ಸಿಗುವುದಿಲ್ಲ. ಅಂಥವರು ಸಿಗುವವರೆಗೆ ಗಣಿ ಆಸ್ಪತ್ರೆಗಳು ಮಾಡಬಹುದಾದ ಕೆಲಸ ಒಂದಿದೆ: ಪ್ರತಿ ಕಾರ್ಮಿಕನ ಮೊದಲ ಎಕ್ಸ್‌ರೇಯನ್ನು ಮೊಬೈಲ್ ಫೋಟೋ ಆಗಿಸದೆ, ವೈದ್ಯಕೀಯ ಚಿತ್ರಗಳ ಮೂಲ ಡೈಕಾಮ್ ಕಡತದ ರೂಪದಲ್ಲೇ ಉಳಿಸಿ, ಆತ ನಿವೃತ್ತನಾಗುವಾಗ ಒಂದು ಪ್ರತಿಯನ್ನು ಕೈಗೆ ಕೊಡುವುದು.