ಎಚ್‌ಐವಿ ಸೋಂಕಿತರಲ್ಲಿ ಕೋವಿಡ್ ಲಸಿಕೆಯ ಫಲ: ಸಿಡಿ4 ಮತ್ತು ಎಆರ್‌ಟಿಯ ಪಾತ್ರ

ಎಚ್‌ಐವಿ ಸೋಂಕಿತರಿಗೆ ಕೋವಿಡ್ ಲಸಿಕೆ ಫಲ ಕೊಡುತ್ತದೆಯೇ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಲಸಿಕೆ ಪಡೆದ ದೇಹದಲ್ಲಿ ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸಲು ಸಿಡಿ4 ಟಿ ಕೋಶಗಳ ನೆರವು ಬೇಕು. ಎಚ್‌ಐವಿ ಕೊಲ್ಲುವುದು ಈ ಕೋಶಗಳನ್ನೇ. ಆದ್ದರಿಂದ ಸೋಂಕಿತರಲ್ಲಿ ಸಿಡಿ4 ಎಷ್ಟು ಉಳಿದಿದೆ, ಎಆರ್‌ಟಿ (ಆಂಟಿರೆಟ್ರೊವೈರಲ್ ಚಿಕಿತ್ಸೆ) ಔಷಧಗಳು ವೈರಸ್ಸನ್ನು ಎಷ್ಟು ಹತೋಟಿಯಲ್ಲಿಟ್ಟಿವೆ ಎಂಬುದರ ಮೇಲೆ ಲಸಿಕೆಯ ಫಲ ಬಹುಮಟ್ಟಿಗೆ ನಿಂತಿದೆ ಎಂಬುದು ಈ ಲೇಖನದ ವಾದ.

ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಲಸಿಕೆಯ ಎರಡು ಅಧ್ಯಯನಗಳು 2021ರಲ್ಲಿ ಪ್ರಕಟವಾದವು. ಬ್ರಿಟನ್ನಿನಲ್ಲಿ ಪರೀಕ್ಷೆಗೆ ಒಳಗಾದ 54 ಎಚ್‌ಐವಿ ಸೋಂಕಿತ ಪುರುಷರು ಎಆರ್‌ಟಿಯಲ್ಲಿದ್ದರು. ಅವರ ಸಿಡಿ4 ಎಣಿಕೆಯ ಮಧ್ಯಾಂಕ ಪ್ರತಿ ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 700ರಷ್ಟಿತ್ತು. ಅವರ ಪ್ರತಿಕಾಯ ಮತ್ತು ಟಿ ಕೋಶ ಪ್ರತಿಕ್ರಿಯೆಗಳು ಸೋಂಕಿಲ್ಲದವರಿಗೆ ಸರಿಸಮನಾಗಿದ್ದವು. ದಕ್ಷಿಣ ಆಫ್ರಿಕಾದಲ್ಲಿ 104 ಸೋಂಕಿತರ ಪ್ರತಿಕಾಯ ಪ್ರತಿಕ್ರಿಯೆಯೂ ಹಾಗೆಯೇ ಇತ್ತು. ಇದೇ ಲಸಿಕೆಯನ್ನು ಪುಣೆಯ ಸೀರಮ್ ಸಂಸ್ಥೆ ‘ಕೋವಿಶೀಲ್ಡ್’ ಹೆಸರಿನಲ್ಲಿ ತಯಾರಿಸಿದ್ದರಿಂದ, ಕರ್ನಾಟಕದ ಎಆರ್‌ಟಿ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುತ್ತಿರುವವರಿಗೂ ಈ ಫಲಿತಾಂಶಗಳು ನೇರವಾಗಿ ಸಂಬಂಧಿಸಿವೆ.

ಸಿಡಿ4 ಎಣಿಕೆ ಕುಸಿದವರಲ್ಲಿ ಚಿತ್ರ ಬೇರೆ. ಎಂಆರ್‌ಎನ್‌ಎ ಲಸಿಕೆ ಪಡೆದ ಸೋಂಕಿತರನ್ನು ಸಿಡಿ4 ಪ್ರಕಾರ ಮೂರು ಗುಂಪು ಮಾಡಿ ರೋಮ್‌ನಲ್ಲಿ ನಡೆಸಿದ ಅಧ್ಯಯನದಲ್ಲಿ, ಎಣಿಕೆ 200ಕ್ಕಿಂತ ಕಡಿಮೆ ಇದ್ದವರ ಪ್ರತಿಕ್ರಿಯೆ 500ಕ್ಕಿಂತ ಹೆಚ್ಚಿದ್ದವರಿಗಿಂತ ಸ್ಪಷ್ಟವಾಗಿ ದುರ್ಬಲವಾಗಿತ್ತು.

ಆದರೆ ಪ್ರತಿಕಾಯದ ಮಟ್ಟವೂ ಕಾಯಿಲೆಯಿಂದ ದೊರೆಯುವ ರಕ್ಷಣೆಯೂ ಒಂದೇ ಅಲ್ಲ. ರಕ್ಷಣೆಯನ್ನು ಅಳೆಯಲು ದೊಡ್ಡ ಪ್ರಯೋಗಗಳು ಬೇಕು. ಅಲ್ಲಿಯೂ ಅಂಕಿಗಳನ್ನು ಎಚ್ಚರದಿಂದ ಓದಬೇಕು. ದಕ್ಷಿಣ ಆಫ್ರಿಕಾದ ನೊವಾವ್ಯಾಕ್ಸ್ ಪ್ರಯೋಗದಲ್ಲಿ ಎಚ್‌ಐವಿ ಇಲ್ಲದವರಲ್ಲಿ ಲಸಿಕೆಯ ಪರಿಣಾಮ ಶೇ 60.1, ಎಲ್ಲರನ್ನೂ ಸೇರಿಸಿದಾಗ ಶೇ 49.4. ಎಚ್‌ಐವಿ ಸೋಂಕಿತರಲ್ಲಿ ಲಸಿಕೆ ಸೋತಿತು ಎಂದು ಇದರಿಂದ ತೀರ್ಮಾನಿಸಲಾಗದು. ಈ ಅಂತರ ಹುಟ್ಟಿದ್ದು ಕೇವಲ ಆರು ಪ್ರಕರಣಗಳಿಂದ: ಲಸಿಕೆ ಪಡೆದ ಎಚ್‌ಐವಿ ಸೋಂಕಿತರಲ್ಲಿ ನಾಲ್ಕು, ಹುಸಿಮದ್ದು ಪಡೆದ ಸೋಂಕಿತರಲ್ಲಿ ಎರಡು. ಇಷ್ಟು ಸಣ್ಣ ಸಂಖ್ಯೆ ಯಾವ ತೀರ್ಪಿನ ಭಾರವನ್ನೂ ಹೊರಲಾರದು.

ಎಚ್‌ಐವಿ ಚಿಕಿತ್ಸೆಯ ಮಹತ್ವ ಲಸಿಕೆಯ ಆಚೆಗೂ ಇದೆ. ಡರ್ಬನ್ನಿನ ಸಂಶೋಧಕರು ವರದಿ ಮಾಡಿದ ಪ್ರಕರಣವೊಂದರಲ್ಲಿ, ಎಚ್‌ಐವಿ ಉಲ್ಬಣಿಸಿದ್ದ ವ್ಯಕ್ತಿಯ ದೇಹದಲ್ಲಿ ಕೊರೊನಾ ವೈರಸ್ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದು ಹಲವು ರೂಪಾಂತರಗಳನ್ನು ಕೂಡಿಸಿಕೊಂಡಿತು. ಹೀಗೆ ಬದಲಾದ ವೈರಸ್ ಇತರರಿಗೂ ಹರಡಬಹುದಾದ್ದರಿಂದ, ಚಿಕಿತ್ಸೆ ಸಿಗದೆ ಉಳಿದವರ ಅಪಾಯ ಅವರಿಗಷ್ಟೇ ಸೀಮಿತವಲ್ಲ.

2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ರೋಗನಿರೋಧಕ ಶಕ್ತಿ ಕುಂದಿದವರಿಗೆ ಹೆಚ್ಚುವರಿ ಡೋಸ್ ಕೊಡಲು ಶಿಫಾರಸು ಮಾಡಿದರು. ಸಿಡಿ4 ಎಣಿಕೆ 200ಕ್ಕಿಂತ ಕಡಿಮೆ ಇರುವ ಎಚ್‌ಐವಿ ಸೋಂಕಿತರೂ ಆ ಗುಂಪಿಗೆ ಸೇರುತ್ತಾರೆ. ಮೇಲಿನ ಪುರಾವೆಗಳಿಗೆ ಇದು ಹೊಂದುವ ನೀತಿ. ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ ಲಸಿಕೆ ನಿರಾಕರಿಸಲು ಆಧಾರವಿಲ್ಲ. ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರನ್ನು ಲಸಿಕೆಗೆ ಒಗ್ಗದವರೆಂದು ಬಗೆಯುವುದೂ ತಪ್ಪು. ಎಆರ್‌ಟಿ ಬಿಟ್ಟವರನ್ನು ಹುಡುಕಿ ಮತ್ತೆ ಚಿಕಿತ್ಸೆಗೆ ತರುವ ಕೆಲಸವನ್ನು ಲಸಿಕಾ ಕಾರ್ಯಕ್ರಮದ ಅಂಗವಾಗಿಯೇ ಕಾಣಬೇಕು.